ಗೆರೆಯ ಕೆಳಗಿನ ಸಾಲು

ಅಕ್ಕಿಗೆ ಹುಳ ಹಿಡಿಯದಿರಲಿ ಎಂದು ನಮ್ಮ ಮನೆಯಲ್ಲಿ ಡಬ್ಬದೊಳಗೆ ಒಣಗಿದ ಬೇವಿನ ಎಲೆ ಹಾಕಿಡುವುದುಂಟು. ಈ ಸಲ ಯಾರೋ ಹೇಳಿದರೆಂದು ನನ್ನ ಹೆಂಡತಿ ಅದರ ಜೊತೆಗೆ ಒಂದಿಷ್ಟು ಲವಂಗವನ್ನೂ ಹಳೆಯ ಬಟ್ಟೆಯಲ್ಲಿ ಗಂಟು ಕಟ್ಟಿ ಇಟ್ಟಿದ್ದಳು. ಮೊನ್ನೆ ಅಕ್ಕಿ ಅಳೆಯಲು ಮುಚ್ಚಳ ತೆಗೆದು ಬಗ್ಗಿದವನು ಪಾವು ಕೈಯಲ್ಲಿ ಹಿಡಿದುಕೊಂಡು ಹಾಗೆಯೇ ನಿಂತೆ. ಬೇವು, ಲವಂಗ, ತೊಳೆದು ತೊಳೆದು ಮೆತ್ತಗಾದ ಬಟ್ಟೆ. ಈ ಮೂರು ಸೇರಿದ ವಾಸನೆ ನನ್ನ ಪಾಲಿಗೆ ಅಡುಗೆಮನೆಯದಲ್ಲ. ಅದು ಸೇಲಂನ ಕಿರಿದಾದ ಬೀದಿಯೊಂದರಲ್ಲಿದ್ದ ಮನೆಯ ನಡುಕೋಣೆಯದು. ಅಲ್ಲಿ ಒಂದು ಮರದ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಬಟ್ಟೆಯ ಗಂಟು, ಗಂಟಿನಲ್ಲಿ ಅರಬ್ಬಿಯಲ್ಲಿ ಬರೆದ ಒಂದು ಹಳೆಯ ಕಾನೂನು ಗ್ರಂಥ ಇರುತ್ತಿದ್ದವು.

ನನಗೆ ಅರಬ್ಬಿ ಬಾರದು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆಗಲೂ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. ತೊಂಬತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ಬೆಂಗಳೂರಿನ ಕನ್ನಡ ಪತ್ರಿಕೆಯೊಂದಕ್ಕೆ ಧರ್ಮಪುರಿಯಲ್ಲಿ ಕುಳಿತು ಸುದ್ದಿ ಕಳಿಸುತ್ತಿದ್ದೆ. ಧರ್ಮಪುರಿ, ಸೇಲಂ ಎರಡೂ ಜಿಲ್ಲೆ ನನ್ನ ಪಾಲು. ಎರಡು ಜಿಲ್ಲೆಗೆ ಒಬ್ಬನೇ ವರದಿಗಾರ ಎಂದರೆ ದೊಡ್ಡ ಜವಾಬ್ದಾರಿಯಂತೆ ಕೇಳಿಸುತ್ತದೆ. ನಿಜದಲ್ಲಿ ನಮ್ಮ ಪತ್ರಿಕೆಗೆ ಆ ಎರಡು ಜಿಲ್ಲೆಗಳಿಂದ ಬೇಕಾಗಿದ್ದದ್ದು ಮೆಟ್ಟೂರು ಅಣೆಕಟ್ಟಿನ ನೀರಿನ ಮಟ್ಟ ಮತ್ತು ತೊಪ್ಪೂರು ಘಟ್ಟದಲ್ಲಿ ಮಗುಚಿದ ಲಾರಿಗಳ ಸುದ್ದಿ. ಉಳಿದ ಹೊತ್ತಿನಲ್ಲಿ ನಾನು ಏನನ್ನಾದರೂ ಹುಡುಕಿಕೊಳ್ಳಬೇಕಿತ್ತು. ಹಾಗೆ ಹುಡುಕಿಕೊಂಡು ಹೋದದ್ದು ಧರ್ಮಪುರಿಯಲ್ಲೇ ಇದ್ದ ಖಾದರ್ ಹಜರತ್ ಅವರ ಮನೆಗೆ.

ಹಜರತ್ ಎಂಬುದು ಹೆಸರಲ್ಲ, ಅರಬ್ಬಿ ಕಲಿಸಿದ ಗುರುವನ್ನು ಆ ಕಡೆ ಗೌರವದಿಂದ ಕರೆಯುವ ರೀತಿ. ಅವರು ಮದರಸಾದಲ್ಲಿ ಪಾಠ ಹೇಳಿ ನಿವೃತ್ತರಾಗಿದ್ದರು. ಎತ್ತರದ ಆಳು, ಕಿವಿಯ ಮೇಲೆ ಸದಾ ಒಂದು ಪೆನ್ಸಿಲು, ಬಿಸಿಲಿರಲಿ ಇಲ್ಲದಿರಲಿ ಕಂಕುಳಲ್ಲಿ ಕೊಡೆ. ಹುಟ್ಟಿ ಬೆಳೆದದ್ದು ಮೆಟ್ಟೂರಿನ ಕಡೆಯ ಹಳ್ಳಿಯಾದ್ದರಿಂದ ನಮ್ಮವರ ಹಾಗೆಯೇ ಕನ್ನಡ ಆಡುತ್ತಿದ್ದರು. ಮನೆಯಲ್ಲಿ ದಖನಿ ಉರ್ದು, ಬೀದಿಯಲ್ಲಿ ತಮಿಳು, ಪುಸ್ತಕದ ಮುಂದೆ ಅರಬ್ಬಿ. ನಗುವುದೊಂದು ಮಾತ್ರ ಯಾವ ಭಾಷೆಯಲ್ಲೂ ಇರಲಿಲ್ಲ. ಎಂಥ ತಮಾಷೆ ಹೇಳಿದರೂ ಕಿವಿಯ ಪೆನ್ಸಿಲನ್ನು ಒಂದು ಸಲ ತೆಗೆದು ಮತ್ತೆ ಸಿಕ್ಕಿಸಿಕೊಳ್ಳುತ್ತಿದ್ದರು. ಅದೇ ಅವರ ನಗು ಎಂದು ನಾವು ತಿಳಿದುಕೊಳ್ಳಬೇಕಿತ್ತು.

ಅವರು ಸಂಪಾದಿಸುತ್ತಿದ್ದದ್ದು ನೀರಿನ ಹಕ್ಕುಗಳನ್ನು ಕುರಿತ ಒಂದು ಸಣ್ಣ ಗ್ರಂಥ. ಬಾವಿ ಯಾರದು, ಕಾಲುವೆ ಯಾರದು, ಬಾಯಾರಿ ಬಂದವನನ್ನು ತಡೆಯಬಹುದೇ, ಬಾಯಾರಿ ಬಂದ ದನವನ್ನು ತಡೆಯಬಹುದೇ ಎಂದು ಇಸ್ಲಾಮಿನ ನ್ಯಾಯಶಾಸ್ತ್ರದ ಪ್ರಕಾರ ಒಂದೊಂದಾಗಿ ವಿಚಾರ ಮಾಡುವ ಪುಸ್ತಕ. ಬರೆದವನು ಯಾವುದೋ ದೂರದ ದೇಶದವನು. ಅವನ ಸ್ವಂತ ಕೈಯ ಪ್ರತಿ ಉಳಿದಿಲ್ಲ. ಪ್ರತಿಯಿಂದ ಪ್ರತಿಯಾಗಿ ಬಂದದ್ದರಲ್ಲಿ ನಮ್ಮ ಕಡೆ ಹಜರತ್‌ಗೆ ತಿಳಿದಂತೆ ಮೂರು ಇದ್ದವು. ಒಂದು ಅವರ ಗುರುಗಳಿಂದ ಅವರಿಗೇ ಬಂದದ್ದು. ಇನ್ನೊಂದು ಸೇಲಂನ ಜುಲೇಖಾ ಬೀ ಎಂಬ ಹಿರಿಯಾಕೆಯ ಪೆಟ್ಟಿಗೆಯಲ್ಲಿ. ಮೂರನೆಯದು ಹರೂರಿನ ಹುಣಸೆಹಣ್ಣಿನ ಮಂಡಿಯವರ ಮನೆಯಲ್ಲಿ, ಅದೂ ಅರ್ಧ. ಮೂರನ್ನೂ ಹೋಲಿಸಿ, ಬರೆದವನು ನಿಜಕ್ಕೂ ಏನು ಬರೆದಿದ್ದ ಎಂದು ನಿಶ್ಚಯಿಸುವುದು ಹಜರತ್ ಅವರ ಕೆಲಸ. ಇದನ್ನು ಮಾಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ನಾನು ಹೋದದ್ದು ಒಂದು ಪುಟ್ಟ ಸುದ್ದಿಗೆ. ಉಳಿದುಕೊಂಡದ್ದು ಅವರು ಕೆಲಸ ಮಾಡುವ ರೀತಿಗೆ. ಜುಲೇಖಾ ಬೀ ತಮ್ಮ ಪ್ರತಿಯನ್ನು ಹೊಸಲು ದಾಟಿಸುತ್ತಿರಲಿಲ್ಲ. ಆದ್ದರಿಂದ ಹಜರತ್ ತಮ್ಮ ಪ್ರತಿಯಿಂದ ಬರೆದುಕೊಂಡ ಹಾಳೆಗಳನ್ನು ಚೀಲದಲ್ಲಿಟ್ಟು ಸೇಲಂ ಬಸ್ಸು ಹತ್ತುತ್ತಿದ್ದರು. ಅಲ್ಲಿ ಆಕೆ ತನ್ನ ಪ್ರತಿಯನ್ನು ಗಟ್ಟಿಯಾಗಿ ಓದುವುದು, ಇವರು ಹಾಳೆಯ ಮೇಲೆ ಪೆನ್ಸಿಲಿನ ತುದಿ ಓಡಿಸುತ್ತಾ ಹೋಗುವುದು. ವ್ಯತ್ಯಾಸ ಬಂದರೆ ನಿಲ್ಲಿಸುವುದು. ಇದನ್ನು ಮೊದಲ ಸಲ ನೋಡಿದಾಗ ನನಗೆ ನನ್ನ ಊರು ಸಿಕ್ಕಿದಂತಾಯಿತು. ವರದಿಗಾರನಾಗುವ ಮೊದಲು ನಾನು ಬೆಂಗಳೂರಿನಲ್ಲಿ ಪ್ರೂಫ್ ವಿಭಾಗದಲ್ಲಿದ್ದೆ. ಅಲ್ಲಿಯೂ ಹೀಗೆಯೇ, ಒಬ್ಬ ಮೂಲ ಓದುತ್ತಾನೆ, ಇನ್ನೊಬ್ಬ ಕರಡು ನೋಡುತ್ತಾನೆ. ನಾನು ಓದುವವನು. ಅಲ್ಪವಿರಾಮವನ್ನೂ ಬಾಯಿಬಿಟ್ಟು ಹೇಳುವ ಆ ಅಭ್ಯಾಸ ಎಷ್ಟು ಅಂಟಿಕೊಂಡಿತ್ತೆಂದರೆ, ಮದುವೆಯಾದ ಹೊಸದರಲ್ಲಿ ಹೆಂಡತಿಗೆ ಪೇಪರ್ ಓದಿ ಹೇಳುವಾಗ “ಮುಖ್ಯಮಂತ್ರಿ ಕಾಮಾ ಶನಿವಾರ ಕಾಮಾ” ಎಂದು ಓದಿ ನಗೆಪಾಟಲಾಗಿದ್ದೆ.

ಇದನ್ನು ಹೇಳಿದಾಗ ಹಜರತ್ ಪೆನ್ಸಿಲ್ ತೆಗೆದು ಸಿಕ್ಕಿಸಿಕೊಂಡರು.

“ನಿಮಗೆ ಅರಬ್ಬಿ ಬರುತ್ತಾ?” ಎಂದು ಕೇಳಿದರು.

“ಇಲ್ಲ.”

“ಜುಲೇಖಾ ಬೀಗೂ ಅರ್ಥ ಆಗಲ್ಲ. ಉರ್ದು ಬರುತ್ತಲ್ಲ, ಅಕ್ಷರ ಕೂಡಿಸಿ ಓದ್ತಾರೆ ಅಷ್ಟೇ. ಅದೇ ಒಳ್ಳೇದು. ಅರ್ಥ ಗೊತ್ತಿರೋನು ಇರಬೇಕಾದ್ದನ್ನ ಓದಿಬಿಡ್ತಾನೆ. ಇವರು ಇರೋದನ್ನ ಓದ್ತಾರೆ.”

ಅಲ್ಲೇ ಕುಳಿತಿದ್ದ ಜುಲೇಖಾ ಬೀ ಸುಮ್ಮನಿರುವ ಹೆಂಗಸಲ್ಲ. ಹಜರತ್‌ಗಿಂತ ಹಿರಿಯರು. ಎಲ್ಲರೂ ಹಜರತ್ ಎನ್ನುವವರನ್ನು ಅವರು “ಮೌಲ್ವಿ” ಎಂದಷ್ಟೇ ಕರೆಯುತ್ತಿದ್ದರು. “ಏನು ಮೌಲ್ವಿ, ಅಕ್ಷರ ಕೂಡಿಸ್ತಾಳೆ ಅಂತೀರಾ? ನಾನು ಬಾಯಿ ಮುಚ್ಚಿದರೆ ನಿಮ್ಮ ಪುಸ್ತಕವೂ ಬಾಯಿ ಮುಚ್ಚುತ್ತೆ,” ಎಂದು ತಮಿಳಿನಲ್ಲಿ ನನಗೂ ಕೇಳುವಂತೆ ಅಂದರು. ಮೊದಲ ದಿನವೇ ನಾನು ಅವರ ಕೈಯಲ್ಲಿ ಸಿಕ್ಕಿಬಿದ್ದೆ. ಹಾಳೆ ತಿರುವಲು ಬೆರಳನ್ನು ನಾಲಿಗೆಗೆ ಒತ್ತುವುದು ಪತ್ರಿಕೆಯವರ ಚಾಳಿ. ನನ್ನ ಕೈ ಬಾಯಿಯ ಹತ್ತಿರ ಹೋಗುವಷ್ಟರಲ್ಲಿ ಆಕೆ ಗಂಟಿನ ಬಟ್ಟೆಯಿಂದ ಮಣಿಕಟ್ಟಿಗೆ ಒಂದು ಏಟು ಕೊಟ್ಟರು. “ಬೆರಳು ಬಾಯಿಗೆ ಹೋದರೆ ಈ ಮನೆಯಲ್ಲಿ ಟೀ ಇಲ್ಲ,” ಎಂದರು. ಅಲ್ಲಿ ಶಾಯಿಯ ಪೆನ್ನು ಜೇಬಿನಿಂದ ಹೊರಬರುವಂತಿರಲಿಲ್ಲ. ಪೆನ್ಸಿಲು ಮಾತ್ರ. ಟೀ ಕೂಡ ಗಂಟು ಕಟ್ಟಿ ಪೆಟ್ಟಿಗೆಗೆ ಸೇರಿದ ಮೇಲೆಯೇ.

ನಾನು ಅಲ್ಲಿ ಕಲಿತದ್ದರಲ್ಲಿ ಒಂದನ್ನು ನಿಮಗೆ ಹೇಳಲೇಬೇಕು. ಮುಂದಿನ ಕತೆಯೆಲ್ಲ ಅದರ ಮೇಲೆ ನಿಂತಿದೆ. ಹಳೆಯ ಲಿಪಿಕಾರರು ನಕಲು ಮಾಡುವಾಗ ಒಂದು ಸಾಲು ಬಿಟ್ಟುಹೋದರೆ ಆ ಜಾಗದಲ್ಲಿ ಸಣ್ಣದೊಂದು ಕೊಕ್ಕೆ ಎಳೆದು, ಬಿಟ್ಟ ಸಾಲನ್ನು ಪಕ್ಕದ ಅಂಚಿನಲ್ಲಿ ಬರೆದು, ಕೊನೆಯಲ್ಲಿ “ಸಹ್ಹ” ಎಂದು ಗುರುತು ಹಾಕುತ್ತಿದ್ದರಂತೆ. ಇದು ಸರಿ, ಇದು ಒಳಗೆ ಸೇರಬೇಕಾದದ್ದು ಎಂದು ಅದರ ಅರ್ಥ. ಕೊಕ್ಕೆಯೂ ಇಲ್ಲ, ಸಹ್ಹವೂ ಇಲ್ಲ ಎಂದಾದರೆ ಅಂಚಿನ ಬರಹ ಗ್ರಂಥಕರ್ತನದಲ್ಲ. ಓದಿದವನು ಯಾರೋ ತನಗೆ ತೋಚಿದ್ದನ್ನು ಬರೆದುಕೊಂಡದ್ದು. ಮುಂದೆ ನಕಲು ಮಾಡುವವನು ಈ ವ್ಯತ್ಯಾಸ ನೋಡದೆ ಅಂಚಿನದನ್ನೂ ಒಳಕ್ಕೆ ಎಳೆದುಕೊಂಡರೆ ಓದುಗನ ಮಾತು ಗ್ರಂಥಕರ್ತನ ಬಾಯಿಗೆ ಬಂದುಬಿಡುತ್ತದೆ. ಇಂಥದ್ದನ್ನು ಹಿಡಿಯುವುದೇ ಸಂಪಾದಕನ ಕೆಲಸ. ಮುದ್ರಿಸುವಾಗ ಗ್ರಂಥಕರ್ತನ ಮಾತು ಮೇಲೆ, ಆಮೇಲೊಂದು ಗೆರೆ, ಉಳಿದವರ ಮಾತೆಲ್ಲ ಗೆರೆಯ ಕೆಳಗೆ.

ಆ ಬೇಸಿಗೆಯಲ್ಲಿ ನನ್ನ ಸೋದರಮಾವ ಮಾದಪ್ಪ ಧರ್ಮಪುರಿಗೆ ಬಂದ. ಕಾರಿಮಂಗಲಂ ಹತ್ತಿರದ ಹಳ್ಳಿಯಲ್ಲಿ ಅವನದು ಕುರಿಮಂದೆ. ಅಲ್ಲಿ ಮಸೀದಿಗೆ ಸೇರಿದ ಜಮೀನಿನಲ್ಲಿ ಒಂದು ಮೆಟ್ಟಿಲು ಬಾವಿ, ಬಾವಿಯ ಪಕ್ಕ ಕಲ್ಲಿನ ತೊಟ್ಟಿ. ಮಾವನ ಕುರಿಗಳೂ ಇನ್ನೂ ಕೆಲವರ ಕುರಿಗಳೂ ಲಾಗಾಯ್ತಿನಿಂದ ಅಲ್ಲೇ ನೀರು ಕುಡಿಯುತ್ತಿದ್ದವು. ಈಗ ಮಸೀದಿಯ ಆಸ್ತಿ ನೋಡಿಕೊಳ್ಳುವ ಬಷೀರ್ ಸಾಹೇಬರು ಬೇಲಿಗೆ ಗೇಟು ಹಾಕಿಸಿದ್ದರು.

“ಪೂಟು ತಂದವ್ರೆ ಕಣ್ಲಾ,” ಎಂದ ಮಾವ. ಪೂಟು ಎಂದರೆ ಆ ಕಡೆ ಬೀಗ. “ಇನ್ನೂ ಆಕಿಲ್ಲ. ಅಷ್ಟೊತ್ಗೆ ನಾನು ಕೇಳ್ದೆ, ನಿಮ್ ಅಜರತ್ತು ನೀರಿನ್ ಬುಕ್ಕೇ ಬರೀತಾವ್ರಂತಲ್ಲ, ಅದ್ರಾಗೆ ಏನೈತೆ ನೋಡ್ರಿ ಅಂದೆ. ಅದ್ರಾಗೆ ಇದ್ದಂಗೇ ಆಗ್ಲಿ ಅಂದ್ರು. ನಾನೂ ಆಗ್ಲಿ ಅಂದೆ.”

“ಅದರಲ್ಲಿ ಕುರಿ ಬೇಡ ಅಂತಿದ್ದರೆ?”

“ಬಾಯಾರಿದ್ ಕುರಿನ ಓಡ್ಸು ಅಂತ ದ್ಯಾವ್ರು ಬುಕ್ ಬರೀತಾನೇನ್ಲಾ? ನೀನು ಪೇಪರ್ನಾಗೆ ಬರ್ದಂಗಾ?”

ಬಷೀರ್ ಸಾಹೇಬರು ಕೆಟ್ಟವರಲ್ಲ ಎಂಬುದನ್ನೂ ಇಲ್ಲಿ ದಾಖಲಿಸಬೇಕು. ನಮಾಜಿಗೆ ಮೊದಲು ಕೈಕಾಲು ತೊಳೆಯುವ ತೊಟ್ಟಿಗೆ ಆ ಬಾವಿಯೇ ಗತಿ. ಬೇಸಿಗೆಯಲ್ಲಿ ನೀರು ಮೆಟ್ಟಿಲು ಇಳಿಯುತ್ತಾ ಹೋಗುತ್ತದೆ. ಹೊತ್ತುಗೊತ್ತಿಲ್ಲದೆ ಮಂದೆ ಬಂದು ಕುಡಿದು ಹೋದರೆ ನಮಾಜಿನ ಹೊತ್ತಿಗೆ ಅವರಿಗೆ ಕೆಸರು. ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಮಾವ ಕೇಳಿದ್ದರಲ್ಲೂ ಇರಲಿಲ್ಲ. ಬೇರೆ ನೀರೆಂದರೆ ಕುರಿಗಳು ಹೆದ್ದಾರಿ ದಾಟಿ ಹೋಗಬೇಕಿತ್ತು. ಆ ಹೆದ್ದಾರಿಯ ಲಾರಿಗಳ ಸುದ್ದಿ ಕಳಿಸುತ್ತಿದ್ದವನು ನಾನೇ.

ಹಜರತ್ ತಮ್ಮ ಪ್ರತಿಯ ಆ ಭಾಗವನ್ನು ನನಗೆ ಕನ್ನಡದಲ್ಲಿ ಹೇಳಿದರು. ಬಾಯಾರಿದ ಮನುಷ್ಯನಿಗೂ ಪ್ರಾಣಿಗೂ ಯಾರದೇ ಬಾವಿಯಲ್ಲಿ ಕುಡಿಯುವ ಹಕ್ಕಿದೆ, ತಡೆಯುವಂತಿಲ್ಲ. ಅಲ್ಲಿಯವರೆಗೆ ಮಾವ ಗೆದ್ದ. ಆದರೆ ಮಂದೆ ದೊಡ್ಡದಿದ್ದು ನೀರು ಕಡಿಮೆಯಿದ್ದು, ಕುಡಿದರೆ ನೀರೇ ಮುಗಿಯುವಂತಿದ್ದರೆ ಬಾವಿಯವನು ತಡೆಯಬಹುದು. ಅಲ್ಲಿ ಬಷೀರ್ ಸಾಹೇಬರು ಗೆದ್ದರು. “ಸೇಲಂ ಪ್ರತಿ ನೋಡೋಣ. ಆ ಜಾಗದವರೆಗೆ ಇನ್ನೂ ಓದಿಲ್ಲ,” ಎಂದು ಹಜರತ್ ಚೀಲ ತೆಗೆದುಕೊಂಡರು. ನಾನೂ ಹೊರಟೆ.

ಜುಲೇಖಾ ಬೀ ಆ ದಿನ ಓದುತ್ತಾ ಓದುತ್ತಾ ಹೋದಂತೆ ಹಜರತ್ ಅವರ ಪೆನ್ಸಿಲು ಒಂದು ಕಡೆ ನಿಂತಿತು.

“ಇನ್ನೊಂದು ಸಲ.”

“ಕಿವಿ ನಿಮ್ಮದು ಹೋಯಿತೋ, ಕಣ್ಣು ನನ್ನದು ಹೋಯಿತೋ?” ಎನ್ನುತ್ತಾ ಆಕೆ ಒಂದೊಂದೇ ಅಕ್ಷರ ಬಿಡಿಸಿ ಓದಿದರು. ಹಜರತ್ ಅವರ ಹಾಳೆಯಲ್ಲಿ ಇಲ್ಲದ ಒಂದು ಸಾಲು ಅಲ್ಲಿತ್ತು. ಒಳಗೇ, ಗ್ರಂಥದ ನಡುವೆಯೇ.

“ಏನಂತಿದೆ?” ಎಂದು ನಾನು ತಡೆಯಲಾರದೆ ಕೇಳಿದೆ.

“ತಡೆಯಬಾರದು ಅಂತಲೂ ಕೆಲವರು ಹೇಳಿದ್ದಾರೆ, ಮಂದೆ ಎಲ್ಲಾ ಹೊತ್ತಿನಲ್ಲೂ ಬರುವುದಿಲ್ಲವಲ್ಲ. ಹೀಗಿದೆ.”

“ಹಾಗಾದರೆ ಮಾವನ ಕುರಿಗೆ ನೀರು ಸಿಕ್ಕಿತು.”

“ಸಿಕ್ಕಿದ್ದು ಒಂದು ಸಾಲು,” ಎಂದರು ಹಜರತ್. “ನೀರು ಇನ್ನೂ ಸಿಕ್ಕಿಲ್ಲ.”

ಅವರಿಗೆ ಅನುಮಾನ ಬಂದಿತ್ತು. ಈ ಗ್ರಂಥಕರ್ತ ಬೇರೆಯವರ ಅಭಿಪ್ರಾಯ ಹೇಳುವಾಗ ಹೆಸರು ಹೇಳದೆ ಬಿಡುವವನಲ್ಲ. ಇಲ್ಲಿ ಮಾತ್ರ “ಕೆಲವರು” ಎಂದಿದೆ. ಬಹಳ ಸಲ ಓದಿದವರಿಗೆ ಮಾತ್ರ ಕೇಳಿಸುವ ಅಪಸ್ವರ ಅದು. ಹರೂರಿನ ಪ್ರತಿ ನೋಡದೆ ಏನೂ ಹೇಳಲಾರೆ ಎಂದರು.

ಹರೂರಿಗೆ ಹೋದದ್ದು ಮುಂದಿನ ವಾರ. ಮಂಡಿಯವರ ಮನೆಯ ಮಾಳಿಗೆಯಲ್ಲಿ ಹುಣಸೆಯ ಹುಳಿ ವಾಸನೆಯ ನಡುವೆ ಆ ಅರ್ಧ ಪ್ರತಿಯನ್ನು ಬಿಚ್ಚಿದರು. ಅದೃಷ್ಟಕ್ಕೆ ನಮಗೆ ಬೇಕಾದ ಭಾಗ ಉಳಿದ ಅರ್ಧದಲ್ಲೇ ಇತ್ತು. ಆ ಸಾಲೂ ಇತ್ತು. ಆದರೆ ಒಳಗಲ್ಲ, ಅಂಚಿನಲ್ಲಿ. ಹಜರತ್ ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಕೊಕ್ಕೆ ಹುಡುಕಿದರು. ಇರಲಿಲ್ಲ. ಸಾಲಿನ ಕೊನೆಯಲ್ಲಿ ಸಹ್ಹ ಹುಡುಕಿದರು. ಇರಲಿಲ್ಲ. ಮಂಡಿಯವರು ತಂದುಕೊಟ್ಟ ನೀರನ್ನು ಪೂರ್ತಿ ಕುಡಿದು ಲೋಟ ಕೆಳಗಿಟ್ಟರು.

“ಇದು ಓದಿದವನ ಮಾತು. ಬರೆದವನದಲ್ಲ.”

ವಾಪಸ್ ಬರುವ ಬಸ್ಸಿನಲ್ಲಿ ನಾನು ವಾದಕ್ಕಿಳಿದೆ. ಸೇಲಂ ಪ್ರತಿಯಲ್ಲಿ ಒಳಗೇ ಇದೆ, ಅದನ್ನೇ ಆಧಾರ ಮಾಡಿಕೊಂಡರೆ ಯಾರು ಕೇಳುತ್ತಾರೆ ಎಂದೆ. ಹರೂರಿನ ಪ್ರತಿಯನ್ನು ನಾವಲ್ಲದೆ ಇನ್ನಾರೂ ನೋಡಿಲ್ಲ ಎಂದೆ. ಪತ್ರಿಕೆಯವನು ಆಡಬಾರದ ಮಾತೆಂದು ಆಡುವಾಗಲೇ ಗೊತ್ತಿತ್ತು. ಆದರೆ ಆ ಹೊತ್ತಿನಲ್ಲಿ ನಾನು ಪತ್ರಿಕೆಯವನಾಗಿರಲಿಲ್ಲ, ಮಾದಪ್ಪನ ಅಳಿಯನಾಗಿದ್ದೆ.

“ನಿಮ್ಮ ಪೇಪರಲ್ಲಿ ಒಬ್ಬರಾಡಿದ್ದನ್ನ ಇನ್ನೊಬ್ಬರ ಬಾಯಿಗೆ ಹಾಕ್ತೀರಾ?” ಎಂದು ಹಜರತ್ ಕೇಳಿದರು.

“ಹಾಕೋದಿಲ್ಲ. ಸ್ವಲ್ಪ ತಿದ್ದುತ್ತೇವೆ. ಮಂತ್ರಿಗಳು ಅರ್ಧಕ್ಕೆ ಬಿಟ್ಟ ವಾಕ್ಯವನ್ನು ನಾವು ಮುಗಿಸಿ ಕೊಡುತ್ತೇವೆ.”

“ಅವರು ಬಂದು ಥ್ಯಾಂಕ್ಸ್ ಹೇಳ್ತಾರೆ. ಇವನು ಸತ್ತು ಎಷ್ಟು ಕಾಲವಾಯಿತೋ. ಬಂದು ನಾನು ಹೇಳಿಲ್ಲ ಅನ್ನೋಕೂ ಆಗಲ್ಲ. ಅವನ ಪರವಾಗಿ ಅದನ್ನ ಹೇಳೋಕೆ ನಾನೊಬ್ಬನೇ ಇರೋದು.” ಕಿಟಕಿಯ ಕಡೆ ತಿರುಗಿ ಮತ್ತೆ ಅಂದರು, “ಚಿಕ್ಕವನಿದ್ದಾಗ ನಾನೂ ಆಡು ಹೊಡ್ಕೊಂಡು ಬಾವಿ ಬಾವಿ ಅಲೆದಿದ್ದೀನಿ. ಆ ಸಾಲು ಒಳಗೇ ಇರಲಿ ಅಂತ ದುವಾ ಮಾಡ್ಕೊಂಡೇ ಬಸ್ ಹತ್ತಿದ್ದು. ಅದಕ್ಕೇ ಎರಡು ಸಲ ನೋಡಿದೆ.”

ಅದಕ್ಕೇ ಎರಡು ಸಲ ನೋಡಿದೆ. ನಾನು ಸುದ್ದಿಮನೆಯಲ್ಲಿ ಕಳೆದ ಅಷ್ಟು ವರ್ಷಗಳಲ್ಲಿ ಇದಕ್ಕಿಂತ ಚೆನ್ನಾದ ಪಾಠವನ್ನು ಯಾವ ಹಿರಿಯ ಸಂಪಾದಕರೂ ನನಗೆ ಹೇಳಿಕೊಟ್ಟಿಲ್ಲ. ಬೇಡದ ಸುದ್ದಿ ಬಂದರೆ ನಾವೆಲ್ಲ ಎರಡು ಸಲ ವಿಚಾರಿಸುತ್ತೇವೆ. ಬೇಕಾದ ಸುದ್ದಿ ಬಂದಾಗ ವಿಚಾರಿಸುವವನು ಅಪರೂಪ.

ಜುಲೇಖಾ ಬೀಗೆ ವಿಷಯ ತಿಳಿಸಬೇಕಿತ್ತು. ಆ ಪ್ರತಿ ಬರೆದವರು ಅವರ ಅಜ್ಜ. “ನನ್ನ ಅಜ್ಜ ತಪ್ಪು ಬರೆದರಾ?” ಎಂದು ಆಕೆ ಗಂಟನ್ನು ಮಡಿಲಿಗೆ ಎಳೆದುಕೊಂಡರು. ಹಜರತ್ ತಲೆ ತಗ್ಗಿಸಿ ಹೇಳಿದರು, “ಯಾರೋ ಹೇಳಿದ ಒಂದು ಒಳ್ಳೆ ಮಾತನ್ನ ಕಳೆದುಹೋಗೋಕೆ ನಿಮ್ಮ ಅಜ್ಜ ಬಿಡಲಿಲ್ಲ. ಇಟ್ಟ ಜಾಗ ಮಾತ್ರ ಬೇರೆ.” ಆಕೆ ಇದನ್ನು ಮನಸ್ಸಿನಲ್ಲೇ ತೂಗಿ ನೋಡಿದರು. ಕೊನೆಗೆ, “ಸರಿ, ಟೀ ಕುಡಿರಿ,” ಎಂದರು.

ಮಾವನ ಹಳ್ಳಿಯ ಆ ಬಾವಿಯ ಹತ್ತಿರ ಎಲ್ಲರೂ ಸೇರಿದ್ದು ಒಂದು ಮಧ್ಯಾಹ್ನ. ಹುಣಸೆಮರದ ನೆರಳಿನಲ್ಲಿ ಚಾಪೆ ಹಾಸಿದ್ದರು. ಗೇಟಿನ ಸರಳಿಗೆ ಹೊಸ ಬೀಗ ತೂಗುತ್ತಿತ್ತು. ಹೊರಗೆ ಮಂದೆ ನಿಂತಿತ್ತು. ಹಜರತ್ ಹಾಳೆ ತೆಗೆದು ಗ್ರಂಥಕರ್ತನ ಮಾತನ್ನು ಓದಿ ತಮಿಳಿನಲ್ಲಿ ಅರ್ಥ ಹೇಳಿದರು. ನೀರು ಮುಗಿಯುವಂತಿದ್ದರೆ ತಡೆಯಬಹುದು. ಮಾವನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಬಷೀರ್ ಸಾಹೇಬರು ಕೂಡ ಗೆದ್ದವರಂತೆ ಕಾಣಲಿಲ್ಲ.

“ಪುಸ್ತಕ ಇಷ್ಟು,” ಎಂದರು ಹಜರತ್. “ಇದರ ಪಕ್ಕದಲ್ಲಿ ಒಂದು ಸಾಲಿದೆ. ಅದು ಪುಸ್ತಕವಲ್ಲ. ಈ ಪುಸ್ತಕ ಓದಿದ ಯಾರೋ ಒಬ್ಬರು ಬರೆದದ್ದು, ಹೆಸರು ಗೊತ್ತಿಲ್ಲ. ಪುಸ್ತಕ ಅಂತ ಅದನ್ನ ನಿಮಗೆ ಕೊಡಲಾರೆ. ಇಲ್ಲ ಅಂತ ಮುಚ್ಚಿಡೋಕೂ ಆಗಲ್ಲ.” ಆಮೇಲೆ ಆ ಸಾಲು ಓದಿದರು.

ಬಷೀರ್ ಸಾಹೇಬರು ಕೇಳಿದರು, “ಹಜರತ್, ನೀವು ಯಾವ ಕಡೆ?”

“ಪುಸ್ತಕ ತೆರೆದಿರೋವರೆಗೆ ನನಗೆ ಕಡೆ ಇಲ್ಲ.” ಹಾಳೆಗಳನ್ನು ಜೋಡಿಸಿ ಚೀಲಕ್ಕೆ ಹಾಕಿ ದಾರ ಎಳೆದರು. “ಈಗ ಕೇಳಿ.”

“ಕೇಳಿದೆ.”

“ಕುರಿ ಒಳಗೆ ಬಿಡಿ ಅಂತೀನಿ.”

ಬಷೀರ್ ಸಾಹೇಬರು ಬೀಗವನ್ನು ನೋಡಿದರು, ಬಾವಿಯನ್ನು ನೋಡಿದರು. “ಮಂದೆ ಎಲ್ಲಾ ಹೊತ್ತೂ ಬರಲ್ಲ ಅಂತ ಆ ಪುಣ್ಯಾತ್ಮ ಬರೆದಿದ್ದಾನೆ,” ಎಂದರು. “ಇವರ ಮಂದೆ ಎಲ್ಲಾ ಹೊತ್ತೂ ಬರುತ್ತೆ, ಅದೇ ನಮಗೆ ತೊಂದರೆ. ಬರೋ ಹೊತ್ತು ಯಾವುದು ಅಂತ ಮಾದಪ್ಪನವರು ಹೇಳಲಿ. ನಾವು ಮೊದಲು ನಮ್ಮ ತೊಟ್ಟಿ ತುಂಬಿಸ್ಕೋತೀವಿ.”

ಮಾವ ಎದ್ದು ನಿಂತ. “ಮದ್ಯಾನದ್ ಬಾಂಗು ಕೂಗಿ, ನೀವು ತೊಳ್ಕಂಡು ಒಳೀಕ್ಕೋದ್ಮೇಲೆ ಬತ್ತೀವಿ ಸಾಮಿ. ದಿನಾ ಒಂದೇ ಕಿತ. ನಮ್ ಕುರಿಗೂ ಒಂದು ಗಡಿಯಾರ ಆಯ್ತು.”

“ಸರಿಯಾ?” ಎಂದರು ಬಷೀರ್ ಸಾಹೇಬರು.

“ಸರಿ,” ಎಂದ ಮಾವ. ಆಮೇಲೆ ನನ್ನ ಕಡೆ ತಿರುಗಿ ಕೋಲು ಚಾಚಿದ. “ಏನ್ಲಾ ಸುಮ್ನೆ ನಿಂತಿದ್ದೀಯ, ಇಂದ್ಲಿಂದ ತಳ್ಳು.” ನಾನು ಗೇಟಿನ ಹೊರಗೆ ಹೋಗಿ ಮಂದೆಯ ಹಿಂದೆ ನಿಂತು, ಬಾರದ ವಿದ್ಯೆಯಾದ್ದರಿಂದ ಕೋಲನ್ನು ಪೆನ್ನಿನಂತೆ ಹಿಡಿದು, ಕುರಿಗಳನ್ನು ಒಳಕ್ಕೆ ತಳ್ಳಿದೆ. ಎದ್ದ ಧೂಳಿನಲ್ಲಿ ನನಗೆ ಕಂಡದ್ದು ಕುರಿಗಳ ಬೆನ್ನು ಮಾತ್ರ. ತೊಟ್ಟಿಗೆ ಬಾಯಿ ಹಾಕಿದ ಸದ್ದು ಕೇಳಿಸಿತು.

ಆ ಸಾಲನ್ನು ಗ್ರಂಥದೊಳಗೆ ಸೇರಿಸಿ ಓದಿದ್ದರೆ ಬಷೀರ್ ಸಾಹೇಬರು ಒಪ್ಪಿ ಗೇಟು ತೆರೆಯುತ್ತಿದ್ದರು, ಅನುಮಾನವಿಲ್ಲ. ಆದರೆ ಅದು ಪುಸ್ತಕದ ಅಪ್ಪಣೆಯಾಗುತ್ತಿತ್ತು, ಹೊತ್ತಿನ ಮಾತು ಹುಟ್ಟುತ್ತಿರಲಿಲ್ಲ. ಯಾರೋ ಹೆಸರಿಲ್ಲದವನ ಮಾತು ಎಂದು ಗೊತ್ತಾದದ್ದರಿಂದಲೇ ಇವರೂ ಮಾತಾಡಿದರು ಎಂದು ನನಗೆ ಅನ್ನಿಸುತ್ತದೆ.

ಗ್ರಂಥ ಅಚ್ಚಾಗಿ ಬಂದಾಗ ಹಜರತ್ ನನಗೂ ಒಂದು ಪ್ರತಿ ಕೊಟ್ಟರು. ಮುನ್ನುಡಿಯಲ್ಲಿ ಜುಲೇಖಾ ಬೀಯವರ ಹೆಸರಿದೆಯಂತೆ. ಓದಿದವರು ಎಂದು. ನನಗೆ ಅದರಲ್ಲಿ ಒಂದು ಅಕ್ಷರವೂ ತಿಳಿಯದು. ಒಂದು ಪುಟ ಮಾತ್ರ ಗೊತ್ತು. ಅಲ್ಲಿ ಕೆಳಗೊಂದು ಸಣ್ಣ ಗೆರೆಯಿದೆ, ಗೆರೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಆ ಸಾಲಿದೆ. ಹಜರತ್ ಈಗಿಲ್ಲ.

ಅಕ್ಕಿ ಡಬ್ಬದ ಮುಚ್ಚಳ ಹಾಕಿ ಬಂದು ಇಷ್ಟನ್ನು ಬರೆದೆ. ಮುಗಿಸಿ, ಬಹಳ ವರ್ಷಗಳ ಮೇಲೆ, ಹೆಂಡತಿಯನ್ನು ಕೂರಿಸಿಕೊಂಡೆ. ಅವಳು ಗಟ್ಟಿಯಾಗಿ ಓದಿದಳು, ನಾನು ಇನ್ನೊಂದು ಪ್ರತಿಯ ಮೇಲೆ ಪೆನ್ಸಿಲ್ ಓಡಿಸಿದೆ. ಕುರಿಗಳು ನೀರು ಕುಡಿಯುವ ಜಾಗದಲ್ಲಿ ಅವಳು ನಿಂತಳು.

“ಇಲ್ಲಿ ಹಜರತ್ ನಕ್ಕರು ಅಂತ ಬರೆದಿದ್ದೀರಿ. ನೀವು ನೋಡಿದ್ರಾ?”

“ನಕ್ಕೇ ಇರುತ್ತಾರೆ.”

“‘ನನಗೆ ಕಂಡದ್ದು ಕುರಿಗಳ ಬೆನ್ನು ಮಾತ್ರ’ ಅಂತ ನೀವೇ ಹಿಂದಿನ ಸಾಲಲ್ಲಿ ಬರೆದಿದ್ದೀರಲ್ಲ?”

ನಾನು ಮೇಲಿದ್ದ ಆ ವಾಕ್ಯವನ್ನು ಹೊಡೆದುಹಾಕಿದೆ. ಪೂರ್ತಿ ಕಳೆಯಲು ಮಾತ್ರ ಮನಸ್ಸು ಬರಲಿಲ್ಲ. ಪುಟದ ಕೊನೆಗೆ ಬಂದು ಒಂದು ಗೆರೆ ಎಳೆದೆ.

————

ಕುರಿಗಳು ನೀರು ಕುಡಿಯುವಾಗ ಹಜರತ್ ನಕ್ಕಿರಬೇಕು. ನಾನು ನೋಡಿಲ್ಲ.